ಸುವೊನ್‌ಗೆ ಹೊರಟಿದ್ದೇವೆ, ನಮ್ಮಂಥವರನ್ನು ಕೊರಿಯಾದಲ್ಲಿ ನಿಜವಾಗಿ ಹೇಗೆ ನೋಡುತ್ತಾರೆ?

ದಾವಣಗೆರೆ ಅಮ್ಮ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಸುವೊನ್‌ನಲ್ಲಿ ಕೆಲಸ ಸಿಕ್ಕಿದೆ, ಅವರು ಆಗಲೇ ಅಲ್ಲಿದ್ದಾರೆ. ನಾನೂ ಮಗಳೂ ಈ ಚಳಿಗಾಲದಲ್ಲಿ ಹೊರಡುತ್ತೇವೆ, ಅವಳು ಮಾರ್ಚ್‌ನಲ್ಲಿ ಒಂದನೇ ಕ್ಲಾಸಿಗೆ ಸೇರಬೇಕು. ಯೂಟ್ಯೂಬ್‌ನಲ್ಲಿ ಅಮೆರಿಕ, ಯುರೋಪಿನವರು ಮಾಡಿದ ವಿಡಿಯೊಗಳೇ ಜಾಸ್ತಿ, ಎಲ್ಲರೂ ಎಷ್ಟು ಪ್ರೀತಿಯಿಂದ ಮಾತಾಡಿಸುತ್ತಾರೆ ಅಂತ ಹೊಗಳುತ್ತಾರೆ. ಆದರೆ ನಾವು ಭಾರತದವರು, ಬಣ್ಣ ಕಪ್ಪು. ನಮಗೂ ಹಾಗೇನಾ? ಇನ್ನೊಂದು ಚಿಂತೆ ಶಾಲೆಯ ಊಟದ್ದು. ನಮ್ಮ ಮನೆಯಲ್ಲಿ ಮೊಟ್ಟೆಯೂ ಇಲ್ಲ. ಅಲ್ಲೇ ಇರುವವರು ಇದ್ದದ್ದನ್ನು ಇದ್ದ ಹಾಗೆ ಹೇಳಿ, ದಯವಿಟ್ಟು.

ಯಂಗ್‌ಟಾಂಗ್ ನಿವಾಸಿ:

ಬನ್ನಿ ಅಕ್ಕ, ಭಯ ಬೇಡ. ಮೊದಲು ಶಾಲೆಯದ್ದು ಹೇಳುತ್ತೇನೆ. ಕೊರಿಯಾದ ಮಕ್ಕಳಿಗೆ ಶಾಲೆ ಸೇರುವ ನೋಟಿಸ್ ಮನೆಗೇ ಬರುತ್ತದೆ, ನಮಗೆ ಬರುವುದಿಲ್ಲ. ನೀವೇ ಹತ್ತಿರದ ಶಾಲೆಗೆ ಹೋಗಿ ಕೇಳಬೇಕು, ಹಾಗಾಗಿ ಯಜಮಾನರಿಗೆ ಈಗಲೇ ವಿಚಾರಿಸಲು ಹೇಳಿ. ಊಟದ ಮೆನು ತಿಂಗಳಿಗೊಮ್ಮೆ ಕೊಡುತ್ತಾರೆ. ಪ್ರತಿ ಪದಾರ್ಥದ ಪಕ್ಕ ಅಲರ್ಜಿಗೆ ಅಂತ ನಂಬರ್ ಇರುತ್ತದೆ. 1 ಅಂದರೆ ಮೊಟ್ಟೆ, 9 ಸೀಗಡಿ, 10 ಹಂದಿ, 15 ಕೋಳಿ, 16 ದನದ ಮಾಂಸ. ಭಾಷೆ ಬಾರದಿದ್ದರೂ ಇದನ್ನು ಮಗಳೇ ಓದಿಕೊಳ್ಳಬಹುದು. ಆದರೆ ಒಂದು ಎಚ್ಚರ. ಸೂಪಿಗೆ ಹಾಕುವ ಸಣ್ಣ ಒಣಮೀನಿಗೆ ಆ ಪಟ್ಟಿಯಲ್ಲಿ ನಂಬರೇ ಇಲ್ಲ, ಊಟದ ಜೊತೆ ಕೊಡುವ ಕಿಮ್ಚಿಯಲ್ಲೂ (ಹುದುಗಿಸಿದ ಖಾರದ ಎಲೆಕೋಸು) ಸಾಮಾನ್ಯವಾಗಿ ಮೀನಿನದ್ದೋ ಸೀಗಡಿಯದ್ದೋ ಉಪ್ಪಿನಕಾಯಿ ಥರದ್ದು ಸೇರಿರುತ್ತದೆ. ನಾನು ಟೀಚರ್ ಹತ್ತಿರ ಮಾತಾಡಿ ಡಬ್ಬಿ ಕಟ್ಟಿ ಕಳಿಸುತ್ತೇನೆ. ಅವರು ಬೇಡ ಅನ್ನಲಿಲ್ಲ. ಉಳಿದ ಮಕ್ಕಳು ಮೊದಲು ಇಣುಕಿ ನೋಡಿದರು, ಆಮೇಲೆ ಚಪಾತಿ ಕೇಳಿ ತಿಂದರು.

ಮನೆ ಹುಡುಕುವಾಗ ಮಾತ್ರ ನಮಗೆ ಕಷ್ಟವಾಯಿತು. ಖಾಲಿ ಇದೆ ಅಂದ ಓನರ್, ನಾವು ಭಾರತದವರು ಅಂತ ಗೊತ್ತಾದ ಮೇಲೆ ಬೇರೆಯವರಿಗೆ ಕೊಟ್ಟಾಯ್ತು ಅಂದರು. ಮಸಾಲೆ ವಾಸನೆ ಗೋಡೆಗೆ ಹಿಡಿಯುತ್ತದಂತೆ, ಬ್ರೋಕರ್ ನೇರವಾಗೇ ಹೇಳಿದ. ತುಂಬಾ ನೋವಾಯಿತು. ಅದೇ ಬ್ರೋಕರ್ ಬೇರೆ ಮನೆ ತೋರಿಸಿದ, ಆ ಓನರ್ ಅಜ್ಜಿ ಈಗಲೂ ನಮಗೆ ಮೂಲಂಗಿ, ಎಲೆಕೋಸು ತಂದುಕೊಡುತ್ತಾರೆ. ಅಡ್ವಾನ್ಸ್ ದೊಡ್ಡ ಮೊತ್ತ. ತಿಂಗಳ ಬಾಡಿಗೆ ಮನೆಗೂ ಒಂದು ಕೋಟಿ ವೊನ್, ಅಂದರೆ ಸುಮಾರು 6 ಲಕ್ಷ ರೂಪಾಯಿ ಕೇಳುವವರಿದ್ದಾರೆ. ಅದಕ್ಕೇ ಮನೆಗೆ ಹೋದ ಕೂಡಲೇ ವಿಳಾಸ ಬದಲಾವಣೆ ದಾಖಲು ಮಾಡಿಸಿ, ಕರಾರು ಪತ್ರಕ್ಕೆ ತಾರೀಖಿನ ಮುದ್ರೆ ಹಾಕಿಸಿ. ಓನರ್ ಸಾಲದಲ್ಲಿ ಮುಳುಗಿದರೆ ನಿಮ್ಮ ಹಣ ಕಾಯುವುದು ಅದೇ.

ಇಡ್ಲಿ ಹಿಟ್ಟಿನ ಚಿಂತೆ ಬೇಡ ಅಕ್ಕ. ಇಲ್ಲಿ ಮನೆಯ ನೆಲವೇ ಬಿಸಿಯಾಗಿರುತ್ತದೆ, ಪಾತ್ರೆ ಅಲ್ಲೇ ಇಟ್ಟರೆ ಹೊರಗೆ ಹಿಮ ಬೀಳುತ್ತಿದ್ದರೂ ಹುದುಗು ಬರುತ್ತದೆ.

ದೇಜೊನ್ ಹುಡುಗ:

ಕಾಗದ ಪತ್ರದ ಬಗ್ಗೆ ಸ್ವಲ್ಪ. ಬಂದ 90 ದಿನದೊಳಗೆ ವಿದೇಶಿಯರ ನೋಂದಣಿ ಕಾರ್ಡ್‌ಗೆ ಅರ್ಜಿ ಹಾಕಬೇಕು, ವಲಸೆ ಇಲಾಖೆಯ ಹೈಕೊರಿಯಾ ವೆಬ್‌ಸೈಟಿನಲ್ಲಿ ಮುಂಚೆಯೇ ಸಮಯ ಕಾದಿರಿಸಿ, ಸ್ಲಾಟ್ ಬೇಗ ಮುಗಿದುಹೋಗುತ್ತವೆ. ನಮ್ಮವರಿಗೆ ನಿಜವಾದ ತಲೆನೋವು ಹೆಸರು. ಇನಿಷಿಯಲ್, ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಸೇರಿ ಪಾಸ್‌ಪೋರ್ಟಿನಲ್ಲಿ ಉದ್ದ ಆಗಿರುತ್ತೆ ಅಲ್ವಾ? ಇಲ್ಲಿ ಹೆಚ್ಚಿನವರದ್ದು ಮೂರಕ್ಷರದ ಹೆಸರು, ಫಾರ್ಮುಗಳೂ ಅದಕ್ಕೆ ತಕ್ಕ ಹಾಗೇ ಇವೆ. ಕಾರ್ಡ್, ಬ್ಯಾಂಕ್, ಮೊಬೈಲ್ ಮೂರರಲ್ಲೂ ಹೆಸರು ಒಂದೇ ಕ್ರಮದಲ್ಲಿ, ನಡುವಿನ ಜಾಗ ಸಮೇತ ಒಂದೇ ಥರ ಇರಬೇಕು. ಇಲ್ಲದಿದ್ದರೆ ಫೋನಿನಲ್ಲಿ ಗುರುತು ದೃಢೀಕರಣ ಆಗುವುದಿಲ್ಲ, ಅದು ಆಗದಿದ್ದರೆ ಆನ್‌ಲೈನಿನಲ್ಲಿ ಸಾಮಾನು ತರಿಸುವುದೂ ಕಷ್ಟ. ಸಂದೇಹ ಇದ್ದರೆ ವಿದೇಶಿಯರ ಸಹಾಯವಾಣಿ 1345ಕ್ಕೆ ಫೋನ್ ಮಾಡಿ, ಇಂಗ್ಲಿಷಿನಲ್ಲೂ ಮಾತಾಡುತ್ತಾರೆ.

ಉಲ್ಸಾನ್ ಕನ್ನಡಿಗ:

ನೀವು ಕೇಳಿದ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಹೌದು, ವ್ಯತ್ಯಾಸ ಇದೆ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿಯುವುದುಂಟು. ಯಾವ ಫ್ಯಾಕ್ಟರಿ ಅಂತ ಕೇಳುತ್ತಾರೆ, ಯಾಕೆಂದರೆ 2004ರಲ್ಲಿ ಶುರುವಾದ ಸರ್ಕಾರದ ಪರ್ಮಿಟ್ ಮೇಲೆ ನೇಪಾಳ, ಶ್ರೀಲಂಕಾ, ಬಾಂಗ್ಲಾದೇಶ, ವಿಯೆಟ್ನಾಂ ಕಡೆಯವರು ಕಾರ್ಖಾನೆ, ಹೊಲಗಳ ಕೆಲಸಕ್ಕೆ ಬರುತ್ತಿದ್ದಾರೆ. ಆಗ ನಮ್ಮವರು ಕೆಲವರು ನಾವು ಇಂಜಿನಿಯರ್, ಅವರ ಥರ ಅಲ್ಲ ಅಂತ ತಕ್ಷಣ ಹೇಳಿಬಿಡುತ್ತಾರೆ. ದಯವಿಟ್ಟು ಹಾಗೆ ಹೇಳಬೇಡಿ. ಊರಲ್ಲಿ ಮೇಲು ಕೀಳು ಅಂತ ನೋಡಿದ್ದು ಸಾಲದೆ ಅದನ್ನು ಇಲ್ಲಿಗೂ ಯಾಕೆ ಹೊತ್ತು ತರಬೇಕು?

ಬಣ್ಣ ಒಂದೇ ಕಾರಣ ಅಲ್ಲ. ನನ್ನ ಜೊತೆ ಕೆಲಸ ಮಾಡುವ ಮಣಿಪುರದ ಹುಡುಗಿಯನ್ನು ಎಲ್ಲರೂ ಕೊರಿಯಾದವಳು ಅಂದುಕೊಳ್ಳುತ್ತಾರೆ. ಅಂಗಡಿಯಲ್ಲಿ ಅವಳು ತಡವರಿಸಿದರೆ ರೇಗುತ್ತಾರೆ, ಅದೇ ಹರಕು ಮುರುಕು ಕೊರಿಯನ್ ನಾನು ಆಡಿದರೆ ಭೇಷ್ ಅನ್ನುತ್ತಾರೆ. ಇಬ್ಬರಿಗೂ ಭಾಷೆ ಕಲಿತ ಮೇಲೆ ಎಷ್ಟೋ ಹಗುರಾಯಿತು. ವಿದೇಶಿಯರಿಗೆ ಭಾಷೆ, ಇಲ್ಲಿನ ರೀತಿ ಕಲಿಸಲು ಸರ್ಕಾರವೇ ನಡೆಸುವ ಸಮಾಜ ಸೇರ್ಪಡೆ ತರಗತಿಗೆ ಸೇರಿ, ಮುಂದೆ ವೀಸಾಕ್ಕೂ ನೆರವಾಗುತ್ತದೆ.

ಕಾನೂನು? ಎಲ್ಲ ಭೇದಭಾವಕ್ಕೂ ಅನ್ವಯಿಸುವ ಒಂದು ಕಾಯ್ದೆ ಇಲ್ಲಿ ಇನ್ನೂ ಇಲ್ಲ, 2007ರಿಂದ ಮಸೂದೆಗಳು ಬಂದು ಬಿದ್ದುಹೋಗುತ್ತಿವೆ. ಆದರೂ 2009ರಲ್ಲಿ ಬುಚೊನ್‌ನಲ್ಲಿ ಬಸ್ಸಿನಲ್ಲಿ ತಮ್ಮನ್ನು ಬೈದವನನ್ನು ಭಾರತದ ಬೊನೊಜಿತ್ ಹುಸೇನ್ ಸುಮ್ಮನೆ ಬಿಡಲಿಲ್ಲ, ದೂರು ಕೊಟ್ಟರು. ಕೋರ್ಟು ಅವಮಾನದ ಅಪರಾಧ ಅಂತ 10 ಲಕ್ಷ ವೊನ್ ದಂಡ ಹಾಕಿತು. ಮಾನವ ಹಕ್ಕು ಆಯೋಗದ ನಂಬರ್ 1331.

ದಾವಣಗೆರೆ ಅಮ್ಮ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಮಗಳಿಗೆ ಶಾಲೆಯಲ್ಲಿ ಯಾರಾದರೂ ಬಣ್ಣದ ಬಗ್ಗೆ ಅಂದರೆ ಏನು ಮಾಡಲಿ?

ಯಂಗ್‌ಟಾಂಗ್ ನಿವಾಸಿ:

ಅವತ್ತೇ ಬರೆದಿಡಿ ಅಕ್ಕ, ಯಾರು, ಏನಂದರು, ತಾರೀಖು. ಮಾರನೇ ದಿನವೇ ಕ್ಲಾಸ್ ಟೀಚರ್‌ಗೆ ತಿಳಿಸಿ. ಬಹಳ ಸಲ ಅಲ್ಲಿಗೇ ಸರಿಹೋಗುತ್ತದೆ, ಚಿಕ್ಕ ಮಕ್ಕಳು ಬೇಗ ಜೊತೆಯಾಗುತ್ತಾರೆ. ಮತ್ತೆ ಮತ್ತೆ ಆದರೆ ಶಾಲೆಯ ದೌರ್ಜನ್ಯಕ್ಕೆ ಅಂತಲೇ 117 ಇದೆ. ನೀವು ಬಂದ ಮೇಲೆ ನನಗೆ ಮೆಸೇಜ್ ಹಾಕಿ, ಮೊದಲ ಸಲ ಶಾಲೆಗೆ ಹೋಗುವಾಗ ನಾನೂ ಜೊತೆಗೆ ಬರುತ್ತೇನೆ.