ಸಹಾಯ ಬೇಕು: 1911ರ ‘ಹಂದಿ ರೂಪಾಯಿ’, ಎರಡರಲ್ಲಿ ಯಾವುದು?

ನಾಣ್ಯ ಬಲ್ಲವರಿಗೆ ನಮಸ್ಕಾರ. ಐದನೆಯ ಜಾರ್ಜ್ ದೊರೆಯ 1911ರ ಬೆಳ್ಳಿ ರೂಪಾಯಿಯೊಂದನ್ನು ಕೊಳ್ಳಬೇಕೆಂದಿದ್ದೇನೆ. ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಗದ್ದಲವೆದ್ದು, 1912ರಲ್ಲಿ ಅಚ್ಚು ತಿದ್ದಿದರಲ್ಲ, ಅದೇ ನಾಣ್ಯ. ಎರಡು ಸಿಕ್ಕಿವೆ, ಎರಡೂ ಎನ್‌ಜಿಸಿ (ನಾಣ್ಯಗಳನ್ನು ಪರೀಕ್ಷಿಸಿ, ದರ್ಜೆ ಕೊಟ್ಟು, ಮುಚ್ಚಿಕೊಡುವ ಸಂಸ್ಥೆ) ಡಬ್ಬಿಯಲ್ಲಿವೆ, ಬೆಲೆಯೂ ಹೆಚ್ಚುಕಡಿಮೆ ಒಂದೇ.

ಮೊದಲನೆಯದು ಎಯು 55, ಅಂದರೆ ಬಳಕೆಯಿಂದ ತುಸುವೇ ಸವೆದ ದರ್ಜೆ. ಕಿರೀಟ, ಹುಬ್ಬು ತುಸು ಸವೆದಿವೆ, ಆದರೆ ಹಳೆಯ ಬೆಳ್ಳಿಯ ಹೊಗೆಗಪ್ಪು ಹಾಗೆಯೇ ಉಳಿದಿದೆ. ಎರಡನೆಯದರಲ್ಲಿ ಗೆರೆಗೆರೆಯೂ ಚೂಪು. ಚೀಟಿಯಲ್ಲಿ ಮಾತ್ರ ಅಂಕಿಯಿಲ್ಲ, ‘ಯುಎನ್‌ಸಿ ಡೀಟೇಲ್ಸ್, ಕ್ಲೀನ್ಡ್’ ಎಂದಿದೆ; ಅಂದರೆ ಸವೆದಿಲ್ಲ, ಆದರೆ ಉಜ್ಜಿ ತೊಳೆದದ್ದು. ಯಾರೋ ಪುಣ್ಯಾತ್ಮರು ನೀರು ತುಂಬುವ ಹಬ್ಬದ ಹಂಡೆಯಂತೆ ಉಜ್ಜಿದ್ದಾರೆ! ಆದರೂ ಆ ಪ್ರಸಿದ್ಧ ಆನೆ ಸ್ಪಷ್ಟವಾಗಿ ಕಾಣುವುದು ಇದರಲ್ಲೇ.

ನನ್ನ ಮನಸ್ಸು ಕಪ್ಪಿನ ಕಡೆಗೇ ವಾಲುತ್ತಿದೆ. ಉಜ್ಜಿದ ನಾಣ್ಯವನ್ನು ಮುಂದೆ ಮಾರಲು ಹೋದರೆ ಎಷ್ಟು ಏಟು ಬೀಳುತ್ತದೆ? ಇಂಥದ್ದನ್ನು ಇಟ್ಟುಕೊಂಡವರು ದಯವಿಟ್ಟು ತಿಳಿಸಿ.