ಶಿಕ್ಷಕರೇ, ಮೈಂಡ್‌ಫುಲ್‌ನೆಸ್ ಎಲ್ಲಿ ಕಲಿತಿರಿ? ಅನುಭವ ಹೇಳಿ

ಪ್ರಶ್ನೆ: ಹೈಸ್ಕೂಲಿನಲ್ಲಿ ಗಣಿತದ ಟೀಚರ್ ನಾನು. ಮಕ್ಕಳಿಗೆ ದಿನಾ ಸ್ವಲ್ಪ ಹೊತ್ತು ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದಲ್ಲಿ ಆಗುತ್ತಿರುವುದನ್ನು ಸುಮ್ನೆ ಗಮನಿಸುವ ಧ್ಯಾನ ಮಾಡಿಸುವ ಆಸೆ, ಆದರೆ ನನಗೇ ಅಭ್ಯಾಸ ಇಲ್ಲ. ಎಲ್ಲಿಂದ ಶುರು ಮಾಡಲಿ? ಕಲಿತವರಿಗೆ ನಿಜಕ್ಕೂ ಏನಾಯ್ತು?

ಉತ್ತರ: ಮೇಡಂ, ಮಕ್ಕಳ ವಿಷಯ ಸದ್ಯಕ್ಕೆ ಬದಿಗಿಡಿ, ಮೊದಲು ನೀವು ಕೂತುಕೊಳ್ಳಿ. ನಾನು ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಹತ್ತಿರ ಆಲೂರಿನ ಧಮ್ಮ ಪಫುಲ್ಲ ಅನ್ನೋ ಧ್ಯಾನ ಕೇಂದ್ರಕ್ಕೆ ಹೋದೆ. ಧ್ಯಾನ ಗುರು ಗೋಯೆಂಕಾ ಅವರ ಕ್ರಮದ 10 ದಿನದ ವಿಪಶ್ಯನಾ, ಅಂದರೆ ಮೈಮನಸ್ಸಿನಲ್ಲಿ ಆಗುವುದನ್ನು ಗಮನಿಸುವ ಧ್ಯಾನದ ಶಿಬಿರ. ಬೆಳಗಿನ ಜಾವ 4ಕ್ಕೆ ಗಂಟೆ ಹೊಡೆಯುತ್ತದೆ. ಫೋನಿಲ್ಲ, ಪುಸ್ತಕ ಇಲ್ಲ, ಮಾತೂ ಇಲ್ಲ. ಶುಲ್ಕ ಇಲ್ಲ, ಮುಗಿದ ಮೇಲೆ ಮನಸ್ಸಿದ್ದರೆ ದಾನ ಕೊಡಬಹುದು. ಮೊದಲ ಮೂರು ದಿನ ಬರೀ ಆನಾಪಾನ, ಅಂದರೆ ಮೂಗಿನ ಹತ್ತಿರ ಉಸಿರು ಬಂದು ಹೋಗುವುದನ್ನು ಸುಮ್ನೆ ಗಮನಿಸುವುದು. ದಿನವಿಡೀ ಮಾತಾಡಿ ರೂಢಿಯಾದ ನಮ್ಮಂಥವರಿಗೆ ಇದು ಕಷ್ಟವೇ, ಮಂಡಿನೋವು ಬೇರೆ.

ಶಾಲೆಗೆ ಬಂದ ಮೇಲೆ ಸಿಟ್ಟೇನೂ ಹೋಗಲಿಲ್ಲ. ಅದು ಬರುವುದು ಮೊದಲೇ ಗೊತ್ತಾಗತೊಡಗಿತು. ಹಾಜರಿ ಕೂಗುವಾಗ ಹಿಂದಿನ ಬೆಂಚಿನಲ್ಲಿ ಗಲಾಟೆ ಎದ್ದರೆ ದವಡೆ ಬಿಗಿಯುತ್ತದೆ, ಭುಜ ಮೇಲೇಳುತ್ತದೆ, ಪೆನ್ನು ಹಿಡಿದ ಬೆರಳು ಒತ್ತಿಕೊಳ್ಳುತ್ತದೆ, ಇಷ್ಟೆಲ್ಲ ಆದ ಮೇಲೆ ಬಾಯಿಗೆ ಮಾತು ಬರುವುದು. ನಡುವೆ ಒಂದು ಉಸಿರಿಗೆ ಜಾಗ ಸಿಗುತ್ತದೆ. ಹುಡುಗನ ಹೆಸರನ್ನು ಕಿರುಚದೆ ಕರೆಯಲು ಅಷ್ಟು ಸಾಕು.

ಇನ್ನೊಬ್ಬರು: ಮನೆಯಲ್ಲಿ ಚಿಕ್ಕ ಮಗು ಇದ್ದದ್ದರಿಂದ ನನಗೆ ಶಿಬಿರ ಆಗಲಿಲ್ಲ. ಎಂಬಿಎಸ್‌ಆರ್, ಅಂದರೆ ಮೈಂಡ್‌ಫುಲ್‌ನೆಸ್‌ನಿಂದ ಒತ್ತಡ ಕಡಿಮೆ ಮಾಡಿಕೊಳ್ಳುವ ತರಬೇತಿ, ಆನ್‌ಲೈನಿನಲ್ಲಿ ಮಾಡಿದೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಜಿನ್ ಶುರು ಮಾಡಿದ 8 ವಾರದ ಕೋರ್ಸ್ ಅದು. ವಾರಕ್ಕೊಂದು ಕ್ಲಾಸು, ಉಳಿದ ದಿನ ಮನೆಯಲ್ಲೇ ಅಭ್ಯಾಸ. ಬಾಡಿ ಸ್ಕ್ಯಾನ್, ಅಂದರೆ ದೇಹದ ಒಂದೊಂದೇ ಭಾಗವನ್ನು ಗಮನಿಸುತ್ತಾ ಹೋಗುವುದು, ಮಾಡುವಾಗ ನಿದ್ದೆ ಬಂದೇ ಬರುತ್ತದೆ, ಬೇಜಾರಾಗಬೇಡಿ. ಆದರೆ ಕಣ್ಣು ಮುಚ್ಚಿದರೆ ಹಳೆಯ ನೋವು, ಗಾಬರಿ ಜಾಸ್ತಿಯಾಗುತ್ತಿದ್ದರೆ ಹಟ ಮಾಡಿ ಕೂರಬೇಡಿ. ನಿಲ್ಲಿಸಿ, ಕಲಿಸುವವರಿಗೆ ಹೇಳಿ, ಬೇಕಾದರೆ ಡಾಕ್ಟರನ್ನು ನೋಡಿ.

ಮತ್ತೊಬ್ಬರು: ಮಕ್ಕಳ ವಿಷಯ ಬದಿಗಿಡಿ ಅಂದರಲ್ಲ, ಆ ಮಾತು ನಿಜ. ಶಾಲೆಯಲ್ಲಿ ಮೈಂಡ್‌ಫುಲ್‌ನೆಸ್ ಕಲಿಸಿದರೆ ಏನಾಗುತ್ತದೆ ಅಂತ ಬ್ರಿಟನ್ನಿನ 85 ಶಾಲೆಗಳಲ್ಲಿ ನಡೆದ ಮಿರಿಯಡ್ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಅಲ್ಲಿ ಟೀಚರ್‌ಗಳು ಮೊದಲು ತಾವು ಕಲಿತು ಆಮೇಲೆ ಕಲಿಸಿದ್ದು. ಆದರೂ ಮಾಮೂಲಿ ಪಾಠಕ್ಕಿಂತ ಜಾಸ್ತಿ ಲಾಭ ಮಕ್ಕಳಲ್ಲಿ ಕಾಣಲಿಲ್ಲ. ಶಿಕ್ಷಕರ ಬಳಲಿಕೆ ಕಡಿಮೆಯಾಗಿತ್ತು, ಅದೂ ವರ್ಷ ಕಳೆಯುವಷ್ಟರಲ್ಲಿ ಹೆಚ್ಚುಕಮ್ಮಿ ಮೊದಲಿನಂತೆಯೇ ಆಯಿತು. ಅಭ್ಯಾಸ ಬಿಟ್ಟರೆ ಅದರ ಲಾಭವೂ ಹೋಗುತ್ತದೆ ಅಂತ ನನಗನ್ನಿಸುತ್ತದೆ. ಒಬ್ಬರೇ ಆದರೆ ಪರೀಕ್ಷೆ ಟೈಮಿನಲ್ಲಿ ಖಂಡಿತ ತಪ್ಪುತ್ತದೆ, ಅದಕ್ಕೇ ನಾವು ಒಂದಿಷ್ಟು ಜನ ಪ್ರಾರ್ಥನೆ ಬೆಲ್‌ಗೆ ಮೊದಲು ಸೈನ್ಸ್ ಲ್ಯಾಬಿನಲ್ಲಿ ಒಟ್ಟಿಗೆ ಕೂರುತ್ತೇವೆ. ಸ್ಟಾಫ್ ರೂಮಿನಲ್ಲಿ ಒಬ್ಬರನ್ನಾದರೂ ಜೊತೆ ಮಾಡಿಕೊಂಡು ಶುರು ಮಾಡಿ ಮೇಡಂ.