ಅಗ್ನಿವೀರನಾಗಿ ಆಯ್ಕೆಯಾದ ಮೇಲೆ ರೆಜಿಮೆಂಟ್ ಮತ್ತು ಟ್ರೇಡ್ ನಿಗದಿಯಾಗುವುದು ಹೇಗೆ?

ಪ್ರಶ್ನೆ: ಗೋಕಾಕದ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಎಸ್.ಎಸ್.ಎಲ್.ಸಿ. ಮುಗಿಸಿದ ಮೇಲೆ ಐ.ಟಿ.ಐ.ಯಲ್ಲಿ ಎರಡು ವರ್ಷ ಫಿಟ್ಟರ್ ಕಲಿತಿದ್ದಾನೆ. ಬೆಳಗಾವಿಯ ಸೇನಾ ಭರ್ತಿ ಕಚೇರಿಯ ವ್ಯಾಪ್ತಿಯಲ್ಲಿ ಅಗ್ನಿವೀರ ಜನರಲ್ ಡ್ಯೂಟಿಗೆ, ಅಂದರೆ ಸಾಮಾನ್ಯ ಸಿಪಾಯಿ ಹುದ್ದೆಗೆ, ಅರ್ಜಿ ಹಾಕಿದ್ದ. ಆನ್‌ಲೈನ್ ಪರೀಕ್ಷೆ, ಓಟ, ವೈದ್ಯಕೀಯ ತಪಾಸಣೆ ಎಲ್ಲವನ್ನೂ ದಾಟಿ ಈಗ ಅಂತಿಮ ಪಟ್ಟಿಯಲ್ಲಿ ಅವನ ರೋಲ್ ನಂಬರ್ ಬಂದಿದೆ. ಮನೆಯವರೆಲ್ಲರಿಗೂ ಬಹಳ ಸಂತೋಷವಾಗಿದೆ.

ಆದರೆ ಅವನಿಗೆ ಮುಂದೆ ಯಾವ ಕೆಲಸ ಕೊಡುತ್ತಾರೆ ಎಂಬ ವಿಷಯದಲ್ಲಿ ಊರಿನವರು ತಲೆಗೊಂದು ಮಾತು ಹೇಳುತ್ತಿದ್ದಾರೆ. ಬೆಳಗಾವಿ ಜಿಲ್ಲೆಯವನಾದ್ದರಿಂದ ಮರಾಠಾ ಲೈಟ್ ಇನ್‌ಫೆಂಟ್ರಿಗೇ ಹೋಗುತ್ತಾನೆ ಎಂದು ಕೆಲವರು, ಐ.ಟಿ.ಐ. ಪ್ರಮಾಣಪತ್ರ ಇರುವುದರಿಂದ ವರ್ಕ್‌ಶಾಪಿನಲ್ಲಿ ಕೂರಿಸುತ್ತಾರೆ ಎಂದು ಇನ್ನು ಕೆಲವರು. ಇದರ ನಡುವೆ ಒಬ್ಬರು ಬಂದು, ಹಣ ಕೊಟ್ಟರೆ ಬೇಕಾದ ರೆಜಿಮೆಂಟ್ ಬರುವಂತೆ ನೋಡಿಕೊಳ್ಳುತ್ತೇನೆ ಎಂದಿದ್ದಾರೆ. ಅಪ್ಪ ಸಾಲ ಮಾಡುವ ಯೋಚನೆಯಲ್ಲಿದ್ದಾರೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ನಿವೃತ್ತ ಹವಾಲ್ದಾರ್, ಹಾವೇರಿ

ತಂಗೀ, ಮೊದಲು ತಮ್ಮನಿಗೆ ನನ್ನ ಅಭಿನಂದನೆ ತಿಳಿಸಿರಿ. ಎರಡನೆಯದಾಗಿ, ಆ ಮನುಷ್ಯನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿರಿ. ಪಟ್ಟಿ ಪ್ರಕಟವಾದ ಮೇಲೆ ಯಾರು ಯಾವ ಸೆಂಟರಿಗೆ, ಅಂದರೆ ರೆಜಿಮೆಂಟಿನ ತರಬೇತಿ ಕೇಂದ್ರಕ್ಕೆ, ಎಂಬುದನ್ನು ಬದಲಿಸಲು ಹೊರಗಿನ ಯಾರಿಂದಲೂ ಸಾಧ್ಯವಿಲ್ಲ. ಹುಡುಗನಿಗೆ ತಾನಾಗಿಯೇ ಬರುವ ರೆಜಿಮೆಂಟನ್ನು ತೋರಿಸಿ, ಇದನ್ನು ನಾನೇ ಕೊಡಿಸಿದೆ ಎಂದು ಹಣ ಎಣಿಸಿಕೊಳ್ಳುವವರು ಅವರು. ಅಪ್ಪನವರಿಗೆ ಇದನ್ನು ಇಂದೇ ಓದಿ ಹೇಳಿರಿ.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸೈನ್ಯದಲ್ಲಿ ಒಬ್ಬ ಹುಡುಗನ ಕೆಲಸ ಮೂರು ಹಂತಗಳಲ್ಲಿ ತೀರ್ಮಾನವಾಗುತ್ತದೆ. ಅವುಗಳಲ್ಲಿ ಅಭ್ಯರ್ಥಿಯ ಕೈಯಲ್ಲಿ ಪೂರ್ತಿಯಾಗಿ ಇರುವುದು ಮೊದಲನೆಯದು ಮಾತ್ರ, ಅಂದರೆ ಅರ್ಜಿ ಹಾಕುವಾಗ ಆರಿಸಿಕೊಳ್ಳುವ ವಿಭಾಗ. ಜನರಲ್ ಡ್ಯೂಟಿ, ಟೆಕ್ನಿಕಲ್, ಕ್ಲರ್ಕ್ ಮತ್ತು ಸ್ಟೋರ್ ಕೀಪರ್, ಟ್ರೇಡ್ಸ್‌ಮನ್ ಎಂಬ ಈ ವಿಭಾಗಗಳಿಗೆ ವಿದ್ಯಾರ್ಹತೆಯೂ ಬೇರೆ, ಮೆರಿಟ್ ಪಟ್ಟಿಯೂ ಬೇರೆ. ಹತ್ತನೇ ತರಗತಿಯ ಜೊತೆಗೆ ಎರಡು ವರ್ಷದ ಐ.ಟಿ.ಐ. ಮಾಡಿ, ನಿಗದಿತ ಅಂಕ ಪಡೆದವರು ಟೆಕ್ನಿಕಲ್ ವಿಭಾಗಕ್ಕೂ ಅರ್ಜಿ ಹಾಕಬಹುದು. ಅಲ್ಲಿ ಮಾನ್ಯವಾಗುವ ವೃತ್ತಿಗಳಲ್ಲಿ ಫಿಟ್ಟರ್ ಕೂಡ ಒಂದು. 2025ರಿಂದ ಒಬ್ಬರೇ ಎರಡು ವಿಭಾಗಗಳಿಗೆ ಅರ್ಜಿ ಹಾಕುವ ಅವಕಾಶವೂ ಬಂದಿದೆ. ನಿಮ್ಮ ತಮ್ಮ ಜನರಲ್ ಡ್ಯೂಟಿಯಲ್ಲಿ ಆಯ್ಕೆಯಾಗಿರುವುದರಿಂದ ಆ ಬಾಗಿಲು ಸದ್ಯಕ್ಕೆ ಮುಚ್ಚಿದೆ. ಈ ಮಾತನ್ನು ಬೇಸರದಿಂದಲೇ ಬರೆಯುತ್ತಿದ್ದೇನೆ, ಏಕೆಂದರೆ ನಮ್ಮ ಹಳ್ಳಿಗಳ ಎಷ್ಟೋ ಐ.ಟಿ.ಐ. ಹುಡುಗರು ಹೇಳುವವರಿಲ್ಲದೆ ಜನರಲ್ ಡ್ಯೂಟಿ ಒಂದನ್ನೇ ತುಂಬಿ ಕಳುಹಿಸುತ್ತಾರೆ.

ಎರಡನೆಯ ಹಂತ ರೆಜಿಮೆಂಟ್ ಅಥವಾ ಕೋರ್. ಯಾವ ತರಬೇತಿ ಕೇಂದ್ರಕ್ಕೆ ಎಷ್ಟು ಜನ ಬೇಕು ಎಂಬ ಲೆಕ್ಕ ಸೇನಾ ಮುಖ್ಯ ಕಚೇರಿಯಿಂದ ಇಳಿದು ಭರ್ತಿ ಕಚೇರಿಗಳಿಗೆ ಹಂಚಿಕೆಯಾಗುತ್ತದೆ. ಆ ಸಲ ಬೆಳಗಾವಿಯ ಪಾಲಿಗೆ ಯಾವ ಕೇಂದ್ರದ ಎಷ್ಟು ವೇಕೆನ್ಸಿ ಬಂದಿದೆಯೋ ಅದರೊಳಗೇ ಹುಡುಗರು ಹಂಚಿಹೋಗುತ್ತಾರೆ. ಜನರಲ್ ಡ್ಯೂಟಿಯವರು ಕಾಲಾಳು ಪಡೆಗೆ ಮಾತ್ರ ಹೋಗುತ್ತಾರೆ ಎಂಬುದು ತಪ್ಪು ತಿಳಿವಳಿಕೆ; ಆ ವಿಭಾಗ ಎಲ್ಲ ಪಡೆಗಳಿಗೂ ಸೇರಿದ್ದು. ಬೆಳಗಾವಿಯ ಮರಾಠಾ ಸೆಂಟರ್ ಬರಬಹುದು, ನೀಲಗಿರಿಯ ವೆಲಿಂಗ್ಟನ್‌ನಲ್ಲಿರುವ ಮದ್ರಾಸ್ ರೆಜಿಮೆಂಟಿನ ಸೆಂಟರ್ ಬರಬಹುದು, ನಾಸಿಕ್ ಅಥವಾ ಹೈದರಾಬಾದಿನ ತೋಪಖಾನೆ ಸೆಂಟರ್ ಬರಬಹುದು, ನಮ್ಮ ಬೆಂಗಳೂರಿನ ಮದ್ರಾಸ್ ಇಂಜಿನಿಯರ್ ಗ್ರೂಪ್ ಕೂಡ ಬರಬಹುದು. ಉತ್ತರ ಕರ್ನಾಟಕದ ಹುಡುಗರು ತಲೆತಲಾಂತರದಿಂದ ಮರಾಠಾ ಪಲ್ಟನ್‌ಗಳಿಗೆ (ಬಟಾಲಿಯನ್‌ಗಳಿಗೆ) ಸೇರುತ್ತ ಬಂದಿರುವುದು ನಿಜ. ಆದರೆ 2022ರ ಜೂನ್ 14ರಂದು ಅಗ್ನಿಪಥ ಯೋಜನೆ ಪ್ರಕಟವಾದಾಗಲೇ ಭರ್ತಿಯು ಇಡೀ ದೇಶದ ಎಲ್ಲ ವರ್ಗದವರಿಗೂ ತೆರೆದ ಆಧಾರದ ಮೇಲೆ ನಡೆಯುತ್ತದೆ ಎಂದು ಸರಕಾರ ಹೇಳಿತು. ಅಗ್ನಿವೀರರನ್ನು ಯಾವ ರೆಜಿಮೆಂಟಿಗಾದರೂ ಕಳುಹಿಸಬಹುದು, ಮುಂದೆ ವರ್ಗಾಯಿಸಲೂಬಹುದು ಎಂದು ಸೇವಾ ನಿಯಮಗಳಲ್ಲೇ ಬರೆದಿದೆ. ಆದ್ದರಿಂದ ಜಿಲ್ಲೆಯ ಹೆಸರು ನೋಡಿ ರೆಜಿಮೆಂಟ್ ಊಹಿಸುವುದು ಸರಿಯಲ್ಲ.

ಮೂರನೆಯ ಹಂತ ಟ್ರೇಡ್. ಇದು ಸೆಂಟರ್ ಸೇರಿದ ಮೇಲಿನ ಮಾತು, ಮತ್ತು ನಿಮ್ಮ ತಮ್ಮನ ಕೈಕೆಲಸಕ್ಕೆ ಬೆಲೆ ಬರುವುದಿದ್ದರೆ ಇಲ್ಲಿಯೇ. ನಾನು ಇಂಜಿನಿಯರ್ ಪಡೆಯಲ್ಲಿ 24 ವರ್ಷ ದುಡಿದವನು. ನಮ್ಮಲ್ಲಿ ಎಲ್ಲರೂ ಮೊದಲು ಸಿಪಾಯಿಯ ತರಬೇತಿ ಮುಗಿಸಬೇಕು, ಆಮೇಲೆ ಸೇತುವೆ ಕಟ್ಟುವುದು, ನೆಲಬಾಂಬು ಹೂಳುವುದು ಮತ್ತು ತೆಗೆಯುವುದು ಮುಂತಾದ ಸ್ಯಾಪರ್ ಕೆಲಸ ಕಲಿಯಬೇಕು, ಅದರ ಜೊತೆಗೆ ಪ್ರತಿಯೊಬ್ಬನಿಗೂ ಒಂದು ಟ್ರೇಡ್ ಇರುತ್ತದೆ: ಬಡಗಿ, ಗೌಂಡಿ, ಎಲೆಕ್ಟ್ರಿಷಿಯನ್, ಫಿಟ್ಟರ್, ವೆಲ್ಡರ್, ಡ್ರೈವರ್, ಮಣ್ಣು ಅಗೆಯುವ ಯಂತ್ರದ ಆಪರೇಟರ್. ನಮ್ಮ ಬ್ಯಾಚಿನಲ್ಲಿ ಲಿಖಿತ ಪರೀಕ್ಷೆ ಮಾಡಿದರು, ಕೈಯಲ್ಲಿ ಉಪಕರಣ ಕೊಟ್ಟು ನೋಡಿದರು, ಮನೆಯಲ್ಲಿ ಏನು ಕೆಲಸ ಮಾಡುತ್ತಿದ್ದಿರಿ ಎಂದು ಅಧಿಕಾರಿಗಳು ಒಬ್ಬೊಬ್ಬರನ್ನೇ ಕೇಳಿದರು. ಹೊಲದಲ್ಲಿ ಟ್ರ್ಯಾಕ್ಟರ್ ನಡೆಸುತ್ತಿದ್ದ ನನ್ನ ಗೆಳೆಯ ಅದನ್ನು ಬಾಯಿಬಿಟ್ಟು ಹೇಳಿದ, ಅವನಿಗೆ ಯಂತ್ರದ ಟ್ರೇಡ್ ಬಂತು. ನಾನು ಎಲೆಕ್ಟ್ರಿಷಿಯನ್ ಆಗಬೇಕೆಂದು ಆಸೆಪಟ್ಟಿದ್ದೆ, ಬಂದದ್ದು ಬಡಗಿ. ಆರು ತಿಂಗಳು ಮನಸ್ಸು ಕುಗ್ಗಿತ್ತು. ಮುಂದೆ ಪ್ರವಾಹದ ಊರೊಂದರಲ್ಲಿ ನಾವು ಹಾಕಿದ ಮರದ ಕಾಲುಸೇತುವೆಯ ಮೇಲೆ ಶಾಲೆಯ ಮಕ್ಕಳು ಸಾಲಾಗಿ ದಾಟಿದ ದಿನ, ನನ್ನ ಟ್ರೇಡಿನ ಬಗ್ಗೆ ಇದ್ದ ಬೇಸರ ಹೊರಟುಹೋಯಿತು.

ಉಳಿದ ಪಡೆಗಳಲ್ಲಿಯೂ ಕ್ರಮ ಹೆಚ್ಚುಕಡಿಮೆ ಹೀಗೆಯೇ. ತೋಪಖಾನೆಯಲ್ಲಿ ಗನ್ನರ್, ಆಪರೇಟರ್, ಡ್ರೈವರ್, ಲೆಕ್ಕ ಮತ್ತು ನಕ್ಷೆ ನೋಡುವ ಟೆಕ್ನಿಕಲ್ ಅಸಿಸ್ಟೆಂಟ್ ಎಂದು ವಿಂಗಡಿಸುತ್ತಾರೆ. ಗಣಿತ ಚೆನ್ನಾಗಿರುವ ಹುಡುಗನಿಗೆ ಕೊನೆಯದು ಸಲ್ಲುತ್ತದೆ. ಟ್ಯಾಂಕ್ ಪಡೆಯಲ್ಲಿ ಡ್ರೈವರ್, ಗನ್ನರ್, ರೇಡಿಯೋ ಆಪರೇಟರ್.

ಉತ್ತರ: ಪಲ್ಟನ್ ಮನುಷ್ಯ, ಅಥಣಿ

ಹವಾಲ್ದಾರ್ ಸಾಹೇಬರು ಹೇಳಿದ್ದಕ್ಕೆ ಕಾಲಾಳು ಪಡೆಯ ಮಾತನ್ನು ಮಾತ್ರ ಸೇರಿಸುತ್ತೇನೆ. ಪಲ್ಟನ್ನಿಗೆ ಬಂದವರೆಲ್ಲರೂ ಮೊದಲು ರೈಫಲ್ ಕಂಪನಿಯ ಜವಾನರೇ. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಒಂದೆರಡು ವರ್ಷ ನೋಡಿದ ಮೇಲೆ ಪಲ್ಟನ್ನೇ ಜನರನ್ನು ಆರಿಸಿ ಮಾರ್ಟರ್, ಸಿಗ್ನಲ್, ಪಯನೀರ್, ವಾಹನಗಳ ಪ್ಲಟೂನ್‌ಗಳಿಗೆ ಹಾಕುತ್ತದೆ, ಕೋರ್ಸ್‌ಗಳಿಗೆ ಕಳುಹಿಸುತ್ತದೆ. ಉಸ್ತಾದರ (ತರಬೇತಿ ಕೊಡುವವರ) ಕಣ್ಣಿಗೆ ಬೀಳುವುದು ಓಟ ಮತ್ತು ಗುರಿಯಿಂದ ಮಾತ್ರವಲ್ಲ. ಕೆಟ್ಟುಹೋದ ಪಂಪನ್ನು ಕೇಳದೆಯೇ ಬಿಚ್ಚಿ ಸರಿಮಾಡಿದ ಹುಡುಗನ ಹೆಸರೂ ಅವರಿಗೆ ನೆನಪಿರುತ್ತದೆ. ಅಗ್ನಿವೀರರ ಅವಧಿ ನಾಲ್ಕು ವರ್ಷ, ಆ ಬಳಿಕ ಶೇ. 25ರವರೆಗೆ ಮಾತ್ರ ಕಾಯಂ ಸೇವೆಗೆ ತೆಗೆದುಕೊಳ್ಳುತ್ತಾರೆ. ಹಾಗಾಗಿ ಹುಡುಗ ಬೇಕಾದ ಟ್ರೇಡ್ ಬರಲಿಲ್ಲವೆಂದು ಮೊದಲ ವರ್ಷವನ್ನು ಕೊರಗಿ ಕಳೆಯಬಾರದು.

ಮನೆಯಲ್ಲಿ ಯಾರಾದರೂ ಸೇವೆಯಲ್ಲಿದ್ದರೆ ಅಥವಾ ನಿವೃತ್ತರಾಗಿದ್ದರೆ, ಆ ರೆಜಿಮೆಂಟಿನ ಸೆಂಟರಿನಲ್ಲೇ ಯೂನಿಟ್ ಹೆಡ್‌ಕ್ವಾರ್ಟರ್ಸ್ ಕೋಟಾದ ಭರ್ತಿ ನಡೆಯುತ್ತದೆ. ಇಂಥದ್ದೇ ರೆಜಿಮೆಂಟ್ ಬೇಕು ಎನ್ನುವವರಿಗೆ ಇರುವ ನೇರವಾದ, ನ್ಯಾಯವಾದ ದಾರಿ ಅದು.

ಮರುಪ್ರಶ್ನೆ: ಗೋಕಾಕದ ಅಕ್ಕ

ಇಬ್ಬರಿಗೂ ಕೈಮುಗಿಯುತ್ತೇನೆ. ಅಪ್ಪನಿಗೆ ಓದಿ ಹೇಳಿದೆ; ಅವರು ಆ ಮನುಷ್ಯನಿಗೆ ಇಲ್ಲವೆಂದು ತಿಳಿಸಿದರು. ನಮ್ಮ ಚಿಕ್ಕಪ್ಪನ ಮಗಳು ಪಿ.ಯು. ಓದುತ್ತಿದ್ದಾಳೆ. ಅವಳಿಗೂ ಸೈನ್ಯ ಸೇರುವ ಆಸೆ. ಹೆಣ್ಣುಮಕ್ಕಳಿಗೂ ಹೀಗೆಯೇ ಟ್ರೇಡ್ ಹಂಚುತ್ತಾರೆಯೇ?

ಉತ್ತರ: ಎನ್.ಸಿ.ಸಿ. ಮೇಡಂ, ಧಾರವಾಡ

ಅಕ್ಕಾ, ಹೆಣ್ಣುಮಕ್ಕಳ ವಿಷಯದಲ್ಲಿ ಹಂಚಿಕೆಯ ಪ್ರಶ್ನೆಯೇ ಬರುವುದಿಲ್ಲ. ಭೂಸೇನೆಯಲ್ಲಿ ಸಿಪಾಯಿ ದರ್ಜೆಗೆ ಅವರನ್ನು ತೆಗೆದುಕೊಳ್ಳುವುದು ಮಿಲಿಟರಿ ಪೊಲೀಸ್ ಪಡೆಗೆ ಮಾತ್ರ. ಅದರ ಸೆಂಟರ್ ಬೆಂಗಳೂರಿನಲ್ಲೇ ಇದೆ. ದೇಶದ ಮೊದಲ 83 ಮಹಿಳಾ ಸಿಪಾಯಿಗಳು 61 ವಾರಗಳ ತರಬೇತಿ ಮುಗಿಸಿ 2021ರ ಮೇ 8ರಂದು ಅಲ್ಲಿಂದಲೇ ಹೊರಬಂದರು. ನನ್ನ ಕೆಡೆಟ್‌ಗಳಲ್ಲಿ ಸಿಗ್ನಲ್ಸ್‌ನಲ್ಲೋ ತಾಂತ್ರಿಕ ಪಡೆಯಲ್ಲೋ ಮಿಂಚಬಲ್ಲ ಹುಡುಗಿಯರಿದ್ದಾರೆ. ಅವರ ಮುಂದೆ ಈ ಒಂದೇ ಬಾಗಿಲು ಇರುವುದು ನನಗೆ ನೋವಿನ ಸಂಗತಿ, ಮತ್ತು ಇದು ಬದಲಾಗಬೇಕು. ಸದ್ಯಕ್ಕೆ ಅವಳು ಓಟ ಆರಂಭಿಸಲಿ: 1.6 ಕಿಲೋಮೀಟರನ್ನು ಏಳೂವರೆ ನಿಮಿಷದೊಳಗೆ ಮುಗಿಸುವುದು ಮೊದಲ ಗುರಿಯಾಗಿರಲಿ. ಆನ್‌ಲೈನ್ ಪರೀಕ್ಷೆಯನ್ನು ಈಗ ಕನ್ನಡದಲ್ಲೂ ಬರೆಯಬಹುದು ಎಂಬುದನ್ನು ಅವಳಿಗೆ ತಪ್ಪದೆ ಹೇಳಿರಿ.

ಉತ್ತರ: ನಿವೃತ್ತ ಹವಾಲ್ದಾರ್, ಹಾವೇರಿ

ತಂಗೀ, ಇನ್ನೊಂದು ಮಾತು ಬರೆಯಲು ಮರೆತಿದ್ದೆ. ಲಘು ವಾಹನದ ಡ್ರೈವಿಂಗ್ ಲೈಸೆನ್ಸ್ ಇರುವ ಜನರಲ್ ಡ್ಯೂಟಿ ಅಭ್ಯರ್ಥಿಗಳಿಗೆ ಡ್ರೈವರ್ ಹುದ್ದೆಗಳಲ್ಲಿ ಆದ್ಯತೆ ಎಂದು ಭರ್ತಿ ಪ್ರಕಟಣೆಯಲ್ಲೇ ಇರುತ್ತದೆ. ತಮ್ಮನ ಬಳಿ ಲೈಸೆನ್ಸ್ ಇದ್ದರೆ ಅದನ್ನೂ, ಐ.ಟಿ.ಐ.ಯ ಮೂಲ ಪ್ರಮಾಣಪತ್ರ ಮತ್ತು ಅಂಕಪಟ್ಟಿಗಳನ್ನೂ ಡಿಸ್ಪ್ಯಾಚ್ ದಿನ, ಅಂದರೆ ಸೆಂಟರಿಗೆ ಕಳುಹಿಸುವ ದಿನ, ಜೊತೆಗೆ ಒಯ್ಯಲಿ, ಪ್ರತಿಯೊಂದರ ನಾಲ್ಕಾರು ಪ್ರತಿಗಳನ್ನು ಮನೆಯಲ್ಲಿ ಇಟ್ಟು ಹೋಗಲಿ. ಸೆಂಟರಿನಲ್ಲಿ ಏನು ಬಲ್ಲೆ ಎಂದು ಕೇಳಿದಾಗ ನಾಚಿಕೊಳ್ಳದೆ, ಬರುವಷ್ಟು ಹಿಂದಿಯಲ್ಲಿ, ಫಿಟ್ಟರ್ ಕೆಲಸ ಬರುತ್ತದೆ ಎಂದು ಹೇಳಲಿ. ನಮ್ಮ ಕಡೆಯ ಹುಡುಗರು ಭಾಷೆಗೆ ಹೆದರಿ ಆ ಹೊತ್ತಿನಲ್ಲಿ ಸುಮ್ಮನೆ ನಿಂತುಬಿಡುತ್ತಾರೆ. ಹೊರಡುವ ಮುಂಚೆ ಆ ಮಾತನ್ನು ನೀವೇ ಅವನಿಂದ ಹತ್ತು ಸಲ ಹೇಳಿಸಿರಿ.